ಹೊರಗೆ ಗಾಳಿ, ಒಳಗೆ ಚಳಿ

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ ಹೊರಟು ಇನ್ನೊಬ್ಬರು ಒಳಬರುವ ನಡುವೆ, ಸಾಗರದಿಂದ ಅಕ್ಕನ ಫೋನು ಬಂತು. ಅಲ್ಲಿ ಆಗ ಏಳೂವರೆ. "ಟಿ.ವಿ.ಯಲ್ಲಿ ಆಸ್ಟ್ರೇಲಿಯಾದಲ್ಲಿ ಬಿರುಗಾಳಿ ಅಂತ ತೋರಿಸಿದ್ರಲ್ಲೋ. ನಿಮ್ಮನೆ ಹೆಂಚು ಹಾರಿಹೋಗಿಲ್ಲ ತಾನೆ?" ಎಂದಳು. ಹೆಂಚು ಗಟ್ಟಿಯಾಗಿದೆ, ಪಕ್ಕದ ಮನೆಯ ಮಕ್ಕಳ ಟ್ರ್ಯಾಂಪೊಲಿನ್ ಮಾತ್ರ ರಾತ್ರಿ ಬೇಲಿ ಹಾರಿ ನಮ್ಮ ನಿಂಬೆ ಗಿಡದ ಮೇಲೆ ಬಂದು ಕುಳಿತಿದೆ ಎಂದೆ. ನಕ್ಕಳು. ಆಮೇಲೆ ಕೇಳಿದಳು: "ಚಳಿ ಹ್ಯಾಗಿದೆ?"

"ಅಷ್ಟೇನಿಲ್ಲ" ಎಂದೆ.

ಪರದೇಶದಲ್ಲಿರುವ ನಾವೆಲ್ಲ ಊರಿನವರಿಗೆ ಹೇಳುವ ಮಾತು ಇದು. ಕಳೆದ ಎಷ್ಟೋ ವರ್ಷಗಳಿಂದ ನಾನೂ ಹೇಳುತ್ತ ಬಂದಿದ್ದೇನೆ. ಈ ವಾರದ ಅಂಕಣ ಆ ಮಾತಿನ ಕುರಿತಾದದ್ದು. ಆದರೆ ಮೊದಲು ಗಾಳಿಯ ವರದಿಯನ್ನು ಒಪ್ಪಿಸಿಬಿಡುತ್ತೇನೆ, ಏಕೆಂದರೆ ಈ ವಾರ ಜೂಂಡಲಪ್‌ನಲ್ಲಿ ಬೇರೆ ಸುದ್ದಿಯೇ ಇರಲಿಲ್ಲ.

ಸೋಮವಾರ ಎಳೆ ಬಿಸಿಲು, ಅರ್ಧ ತೋಳಿನ ಅಂಗಿಯ ಹವೆ. ಬಟ್ಟೆಗಳೆಲ್ಲ ಮಧ್ಯಾಹ್ನದೊಳಗೆ ಒಣಗಿದವು. ಮಂಗಳವಾರ ಒಳನಾಡಿನ ಕಡೆಯಿಂದ ಬೆಚ್ಚನೆಯ ಉತ್ತರ ಗಾಳಿ ಎದ್ದಿತು. ಸಂಜೆಯ ಹೊತ್ತಿಗೆ ಅದು ವಾಯವ್ಯಕ್ಕೆ ತಿರುಗಿ, ಯೂಕಲಿಪ್ಟಸ್ ಮರಗಳ ಸಿಪ್ಪೆಯನ್ನೂ ಸಣ್ಣ ಕೊಂಬೆಗಳನ್ನೂ ರಸ್ತೆಯ ತುಂಬ ಹರಡಿತು. ಬುಧವಾರ ಬೆಳಗಿನ ಜಾವ ಮಳೆ ಕಿಟಕಿಗೆ ಅಡ್ಡಡ್ಡಲಾಗಿ ಬಂದು ಬಡಿಯಿತು. ಒಂದು ಗಂಟೆಯ ಬಳಿಕ ಗಾಳಿ ನೈರುತ್ಯಕ್ಕೆ ಹೊರಳಿದ್ದೇ ತಡ, ಯಾರೋ ಬಾಗಿಲು ತೆರೆದಿಟ್ಟಂತೆ ಚಳಿ ಒಳಗೆ ನುಗ್ಗಿತು. ಮಧ್ಯಾಹ್ನ ಸಾಬಕ್ಕಿಯಷ್ಟು ಗಾತ್ರದ ಆಲಿಕಲ್ಲು ಬಿತ್ತು. ಗುರುವಾರ ಹತ್ತು ನಿಮಿಷ ಮಳೆ, ಇಪ್ಪತ್ತು ನಿಮಿಷ ಬಿಸಿಲು, ಸರೋವರದ ಮೇಲೆ ಒಂದರ ಹಿಂದೊಂದು ಕಾಮನಬಿಲ್ಲು. ಶುಕ್ರವಾರ ಗಾಳಿಯೇ ಇಲ್ಲ. ತೊಳೆದಿಟ್ಟಂಥ ಆಕಾಶ, ಹುಲ್ಲಿನ ಮೇಲೆ ದಪ್ಪ ಇಬ್ಬನಿ, ಉಸಿರು ಹೊಗೆಯಾಗುವಷ್ಟು ಥಂಡಿ. ಶನಿವಾರ ಇದನ್ನು ಬರೆಯುತ್ತಿರುವಾಗ ಮತ್ತೆ ಉತ್ತರದ ಗಾಳಿ ಎದ್ದಿದೆ. ಹಾಗಾದರೆ ಮುಂದಿನ ಸುತ್ತು ಶುರುವಾಯಿತೆಂದು ಅರ್ಥ.

ಜೂಂಡಲಪ್ ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 26 ಕಿ.ಮೀ. ದೂರದ ಊರು. ಒಂದು ಬದಿಗೆ ಸರೋವರ, ಇನ್ನೊಂದು ಬದಿಗೆ ಕೆಲವೇ ಕಿಲೋಮೀಟರ್ ಅಂತರದಲ್ಲಿ ಹಿಂದೂ ಮಹಾಸಾಗರ. ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರ ಭಾಷೆಯಲ್ಲಿ ಊರಿನ ಹೆಸರಿಗೆ ಬೆಳ್ಳಗೆ ಹೊಳೆಯುವ ತಾಣವೆಂಬ ಅರ್ಥವಿದೆ. ಬೆಳದಿಂಗಳಲ್ಲಿ ಸರೋವರದ ದಂಡೆಗೆ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲು ಬಂದದ್ದು 1992ರ ಕೊನೆಯಲ್ಲಿ. ವಿಶ್ವವಿದ್ಯಾಲಯ, ಆಸ್ಪತ್ರೆ, ಮಾರುಕಟ್ಟೆ ಎಲ್ಲವೂ ಇದ್ದರೂ ಸಂಜೆ ಏಳರ ಬಳಿಕ ಬೀದಿಯಲ್ಲಿ ಗಾಳಿಯದೊಂದೇ ಓಡಾಟ.

ನಮ್ಮ ಹಿರಿಯರು ವರ್ಷವನ್ನು ಎರಡೆರಡು ತಿಂಗಳ ಆರು ಋತುಗಳಾಗಿ ಹಂಚಿದಂತೆಯೇ ನೂಂಗಾರ್ ಹಿರಿಯರೂ ಹಂಚಿದ್ದಾರೆ ಎಂಬುದನ್ನು ತಿಳಿದ ದಿನ ನನಗೆ ಈ ಊರು ಒಮ್ಮೆಲೇ ಹತ್ತಿರವಾಯಿತು. ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬ, ಕಂಬರಾಂಗ್. ಡಿಸೆಂಬರ್-ಜನವರಿಯ ಬಿರಾಕ್‌ನಿಂದ ಎಣಿಸುತ್ತ ಬಂದರೆ ಜೂನ್-ಜುಲೈ ಮಕುರು, ಅಂದರೆ ಚಳಿ ಮತ್ತು ಮಳೆಯ ಕಾಲ. ಆಗಸ್ಟ್-ಸೆಪ್ಟೆಂಬರ್ ಜಿಲ್ಬ. ಒಂದು ದಿನ ಮಳೆ, ಒಂದು ದಿನ ಹಿತವಾದ ಬಿಸಿಲು, ರಾತ್ರಿ ನಿರಭ್ರ ಆಕಾಶದ ಕೊರೆತ: ಜಿಲ್ಬದ ಲಕ್ಷಣವೇ ಈ ಚಂಚಲತೆ. ಯುರೋಪಿನಿಂದ ಬಂದವರು ತಮ್ಮ ನಾಲ್ಕು ಋತುಗಳನ್ನು ತಂದು ಇಲ್ಲಿ ಹೊದಿಸಿದರು. ಅವರ ಲೆಕ್ಕದಲ್ಲಿ ಈ ವಾರ "ಕೆಟ್ಟ ಹವೆ". ನೂಂಗಾರ್ ಲೆಕ್ಕದಲ್ಲಿ ಇದು ಕಾಲಕ್ಕೆ ಸರಿಯಾಗಿ ನಡೆದ ಹವೆ. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗೊಂದು ಹೆಸರಿಟ್ಟು, ಯಾವ ಮಳೆ ಹೇಗೆ ಬರಬೇಕೆಂದು ಬಲ್ಲ ಮಲೆನಾಡಿನ ರೈತನಿಗೆ ಯಾರ ಲೆಕ್ಕ ಸರಿ ಎನ್ನಿಸೀತೆಂದು ನಾನು ಊಹಿಸಬಲ್ಲೆ.

ಗಾಳಿಯ ಕಾರಣ ಸರಳ. ಬೇಸಿಗೆಯಲ್ಲಿ ಹೆಚ್ಚು ಒತ್ತಡದ ವಾಯುಪಟ್ಟಿಯೊಂದು ನಮ್ಮ ದಕ್ಷಿಣಕ್ಕೆ ಅಡ್ಡಗಟ್ಟಿ ನಿಂತು ದಕ್ಷಿಣ ಸಾಗರದ ಬಿರುಸನ್ನು ದೂರವಿಡುತ್ತದೆ. ಚಳಿಗಾಲದಲ್ಲಿ ಅದು ಉತ್ತರಕ್ಕೆ ಸರಿಯುತ್ತದೆ. ಆಗ ಇಲ್ಲಿಯವರು ಕೋಲ್ಡ್ ಫ್ರಂಟ್ ಎಂದು ಕರೆಯುವ ತಣ್ಣನೆಯ ಗಾಳಿಯ ಅಲೆಗಳು, ಕೆಲವೊಮ್ಮೆ ವಾರಕ್ಕೆ ಎರಡರಂತೆ, ಪಶ್ಚಿಮದಿಂದ ಬಂದು ಬಡಿಯುತ್ತವೆ. ಫ್ರಂಟಿನ ಮುಂದೆ ವಾಯವ್ಯ ಗಾಳಿ, ಹಿಂದೆ ನೈರುತ್ಯ ಗಾಳಿ. ಈ ತಿರುವನ್ನು ಒಮ್ಮೆ ಗುರುತಿಸಲು ಕಲಿತರೆ ಮುನ್ಸೂಚನೆ ನೋಡುವ ಮೊದಲೇ ಬಟ್ಟೆ ಒಳಗೆ ತರಬಹುದು. ಹದಿನೇಳನೆಯ ಶತಮಾನದ ಡಚ್ ಹಡಗುಗಳು ಇದೇ ಪಡುವಣ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆಂದು ಬಟಾವಿಯಾಕ್ಕೆ ಹೊರಟಿದ್ದವು. ಉತ್ತರಕ್ಕೆ ತಿರುಗಲು ತಡವಾದ ಕೆಲವು ಈ ದಂಡೆಗೆ ಬಂದು ಒಡೆದವು. 1656ರಲ್ಲಿ ಮುಳುಗಿದ ವರ್ಗುಲ್ಡೆ ಡ್ರಾಕ್ ಎಂಬ ಹಡಗಿನ ಅವಶೇಷ ನಮ್ಮೂರಿನ ಉತ್ತರಕ್ಕೆ, ಲೆಡ್ಜ್ ಪಾಯಿಂಟ್ ಬಳಿ ಕಡಲಲ್ಲಿದೆ.

ಅಕ್ಕನಂಥವರಿಗಾಗಿ ಇನ್ನೊಂದು ಮಾತು. "ಆಸ್ಟ್ರೇಲಿಯಾದಲ್ಲಿ ಬಿರುಗಾಳಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಪರ್ತ್‌ನಿಂದ ಬ್ರಿಸ್ಬೇನ್ ಸುಮಾರು 3,600 ಕಿ.ಮೀ., ಅಡಿಲೇಡ್ ಎರಡು ಸಾವಿರ ಕಿ.ಮೀ.ಗೂ ಮೇಲೆ. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತ ಬ್ರಿಸ್ಬೇನ್ ದಂಡೆಯನ್ನು ಸಮೀಪಿಸಿದಾಗ ನಾವಿಲ್ಲಿ ಫ್ಯಾನ್ ಹಾಕಿಕೊಂಡು ಕುಳಿತಿದ್ದೆವು. ಊರಿನ ಫೋನುಗಳೆಲ್ಲ ನಮಗೇ ಬಂದವು. ನಮ್ಮ ಚಳಿಗಾಲದ ಫ್ರಂಟುಗಳು ಒಂದೆರಡು ದಿನದ ಬಳಿಕ ಅಡಿಲೇಡಿಗೆ ಹೋಗುತ್ತವೆ, ಹೀಗಾಗಿ ಅಲ್ಲಿರುವ ಗೆಳೆಯನಿಗೆ ನಾನು ಪುಕ್ಕಟೆ ಹವಾಮಾನ ಇಲಾಖೆ. ಹಾಗೆಂದು ನಮ್ಮಲ್ಲಿ ನಿಜವಾದ ಬಿರುಗಾಳಿ ಬರುವುದೇ ಇಲ್ಲವೆಂದಲ್ಲ. 2010ರ ಮಾರ್ಚ್ 22ರ ಆಲಿಕಲ್ಲು ಮಳೆ ಪರ್ತ್‌ನ ಕಾರು, ಚಾವಣಿ, ಕಿಟಕಿಗಳನ್ನು ಜಜ್ಜಿ ಹಾಕಿತ್ತು. 2020ರ ಮೇ ಕೊನೆಯಲ್ಲಿ, ಮಂಗಾ ಎಂಬ ಚಂಡಮಾರುತದ ಶೇಷವು ಒಂದು ಫ್ರಂಟಿನೊಡನೆ ಸೇರಿಕೊಂಡಾಗ ಹತ್ತಾರು ಸಾವಿರ ಮನೆಗಳಲ್ಲಿ ದೀಪವಿರಲಿಲ್ಲ. ಅಂಥ ದಿನಕ್ಕೆ ಇಲ್ಲಿ ವ್ಯವಸ್ಥೆಯಿದೆ: ಚಾವಣಿ ಹಾರಿದರೆ 132 500ಕ್ಕೆ ಕರೆ ಮಾಡಿದರೆ ಸ್ವಯಂಸೇವಕರು ಬರುತ್ತಾರೆ, ಜೀವಾಪಾಯಕ್ಕೆ 000. ಟ್ರ್ಯಾಂಪೊಲಿನ್ ಕಟ್ಟಿಹಾಕಿರೆಂದು ರೇಡಿಯೋ ಮೊದಲೇ ಹೇಳಿರುತ್ತದೆ. ಪಕ್ಕದ ಮನೆಯವರು ಕೇಳಿರಲಿಲ್ಲ, ಅಷ್ಟೆ.

ಮಳೆಯನ್ನು ಮಾತ್ರ ಇಲ್ಲಿ ಯಾರೂ ಶಪಿಸುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಆಗುಂಬೆಯ ಪಕ್ಕದಲ್ಲಿ ಬೆಳೆದ ನನಗೆ ಪರ್ತ್‌ನ ಏಳುನೂರು ಚಿಲ್ಲರೆ ಮಿ.ಮೀ. ಮೊದಲು ತಮಾಷೆಯಾಗಿ ಕಂಡಿತ್ತು. 1970ರ ದಶಕದಿಂದ ಈ ನೈರುತ್ಯ ಮೂಲೆಯ ಚಳಿಗಾಲದ ಮಳೆ ಇಳಿಯುತ್ತಲೇ ಬಂದಿದೆ. ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರ 2006ರಲ್ಲೇ ಬಂತು. ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಕ್ರೇಗಿಯಲ್ಲಿ, ಬಚ್ಚಲಿನಿಂದ ಹರಿದುಹೋದ ನೀರನ್ನೇ ಪೂರ್ಣ ಶುದ್ಧಿಗೊಳಿಸಿ 2017ರಿಂದ ಮತ್ತೆ ಅಂತರ್ಜಲಕ್ಕೆ ಇಳಿಸುತ್ತಿದ್ದಾರೆ. ಬೆಂಗಳೂರಿನ ನಿಯೋಗಗಳು ವಿದೇಶ ಪ್ರವಾಸಕ್ಕೆ ಊರು ಹುಡುಕುವಾಗ ಇದನ್ನೂ ನೋಡಿದರೆ ಚೆನ್ನ.

ಪರ್ತ್‌ನ ಗಾಳಿಗೆ ಒಂದು ಹೆಸರಿದೆ: ಫ್ರೀಮ್ಯಾಂಟಲ್ ಡಾಕ್ಟರ್. ಬೇಸಿಗೆಯಲ್ಲಿ ನೆಲ ಕಾದು ನಲವತ್ತರ ಹತ್ತಿರ ಬಂದಾಗ, ಮಧ್ಯಾಹ್ನದ ಹೊತ್ತಿಗೆ ಫ್ರೀಮ್ಯಾಂಟಲ್ ಬಂದರಿನ ಕಡೆಯಿಂದ ತಂಪು ಕಡಲ ಗಾಳಿ ಬೀಸಿ ಊರನ್ನು ಬದುಕಿಸುತ್ತದೆ. ಕ್ರಿಕೆಟ್ ಪ್ರಿಯರಿಗೆ ಈ ಹೆಸರು ಹಳೆಯದು. ವಾಕಾ ಮೈದಾನದಲ್ಲಿ ಬೌಲರುಗಳು ಇದನ್ನು ಎದುರಿಸಿಯೋ ಬೆನ್ನಿಗೆ ಹಾಕಿಕೊಂಡೋ ಚೆಂಡೆಸೆಯುತ್ತಿದ್ದರು. 2008ರ ಜನವರಿಯಲ್ಲಿ ಅನಿಲ್ ಕುಂಬ್ಳೆ ನಾಯಕತ್ವದ ತಂಡ ಅಲ್ಲಿ 72 ರನ್ನುಗಳಿಂದ ಗೆದ್ದದ್ದು, ಕುಂಬ್ಳೆಯವರ 600ನೆಯ ಟೆಸ್ಟ್ ವಿಕೆಟ್, ದ್ರಾವಿಡ್ ಅವರ 93 ರನ್ನುಗಳು ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಊಟದ ಜೊತೆ ಬಡಿಸುವ ವಿಷಯಗಳು. ನಾನು ವೈದ್ಯನೆಂದು ತಿಳಿದೊಡನೆ ಇಲ್ಲಿಯವರು ಮಾಡುವ ಮೊದಲ ಹಾಸ್ಯವೂ ಇದೇ ಡಾಕ್ಟರನದು. ಆ ಡಾಕ್ಟರನಿಗೆ ಅಪಾಯಿಂಟ್‌ಮೆಂಟ್ ಬೇಕಿಲ್ಲ, ಫೀಸೂ ಇಲ್ಲ.

ಆದರೆ ಗಾಳಿ ಎಲ್ಲ ಕಾಲದಲ್ಲೂ ವೈದ್ಯನಲ್ಲ. ವಸಂತದ ಗಾಳಿ ಹುಲ್ಲಿನ ಪರಾಗ ಹೊತ್ತು ತರುತ್ತದೆ. 2016ರ ನವೆಂಬರ್ 21ರ ಸಂಜೆ ಮೆಲ್ಬರ್ನ್‌ನಲ್ಲಿ ಗುಡುಗು ಗಾಳಿಯೊಂದು ರೈ ಹುಲ್ಲಿನ ಪರಾಗವನ್ನು ಒಡೆದು ನಗರದ ಮೇಲೆ ಚೆಲ್ಲಿದಾಗ ಸಾವಿರಾರು ಜನ ಉಸಿರಿಗಾಗಿ ಆಸ್ಪತ್ರೆಗೆ ಓಡಿದರು; ಹತ್ತು ಜನ ತೀರಿಕೊಂಡರು. ಬಂದವರಲ್ಲಿ ಅನೇಕರಿಗೆ ಆಸ್ತಮಾ ಇದೆಯೆಂದೇ ಗೊತ್ತಿರಲಿಲ್ಲ. ಇದ್ದದ್ದು ವರ್ಷವರ್ಷದ ಸೀನು, ಮೂಗು ಸೋರುವಿಕೆ ಮಾತ್ರ. ಭಾರತ ಉಪಖಂಡ ಮತ್ತು ಆಗ್ನೇಯ ಏಷ್ಯಾ ಮೂಲದವರು ಅವರಲ್ಲಿ ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿದ್ದರು. ಊರಲ್ಲಿ ಇಲ್ಲದ ಸೀನು ಇಲ್ಲಿ ಬಂದ ಕೆಲವು ವರ್ಷಗಳ ಬಳಿಕ ಶುರುವಾದರೆ "ಧೂಳಿನ ಅಲರ್ಜಿ" ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ ಎಂದು ನಾನು ಹೇಳುವುದು ಅದಕ್ಕೆ.

ಇಷ್ಟೆಲ್ಲ ಹೊರಗಿನದು. ಇನ್ನು ಒಳಗಿನದು.

2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 13 ದೇಶಗಳ 384 ಸ್ಥಳಗಳ ಏಳು ಕೋಟಿಗೂ ಹೆಚ್ಚು ಸಾವುಗಳನ್ನು ಹವೆಯೊಡನೆ ತೂಗಿ ನೋಡಿದ ಲೆಕ್ಕ ಅದು. ಸೆಕೆಗಿಂತ ಚಳಿಯ ಪಾಲು ಬಹಳ ಹೆಚ್ಚು, ಅದರಲ್ಲೂ ಹಿಮ ಸುರಿಯುವ ಘೋರ ಚಳಿಗಿಂತ ಸಾಧಾರಣ ಚಳಿಯದೇ ಹೆಚ್ಚು ಎಂದು ಅದು ತೋರಿಸಿತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಚಳಿಗೆ ಸಲ್ಲಬೇಕಾದ ಸಾವಿನ ಪಾಲು ಸ್ವೀಡನ್ನಿನಲ್ಲಿ ಶೇ. 4ರ ಆಸುಪಾಸು, ಬಿಸಿಲಿನ ದೇಶವೆಂದು ಹೆಸರಾದ ಆಸ್ಟ್ರೇಲಿಯಾದಲ್ಲಿ ಶೇ. 6ಕ್ಕಿಂತ ಹೆಚ್ಚು. ತಜ್ಞರು ಬೊಟ್ಟು ಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ಮನೆ. ಸ್ವೀಡನ್ನಿನವರು ಚಳಿಗಾಗಿಯೇ ಮನೆ ಕಟ್ಟುತ್ತಾರೆ. ಇಲ್ಲಿ ಬೇಸಿಗೆಗಾಗಿ ಕಟ್ಟುತ್ತಾರೆ, ಚಳಿಗಾಲ ಹೇಗೋ ಕಳೆದೀತು ಎಂದುಕೊಳ್ಳುತ್ತಾರೆ.

ಪರ್ತ್‌ನ ಹಳೆಯ ಮನೆಯೆಂದರೆ ಜೋಡಿ ಇಟ್ಟಿಗೆಯ ಗೋಡೆ, ಒಂಟಿ ಗಾಜಿನ ಕಿಟಕಿ, ಟೈಲ್ಸ್ ನೆಲ, ಕದದ ಕೆಳಗೆ ಬೆರಳು ತೂರುವಷ್ಟು ಸಂದು. ಚಾವಣಿಯಲ್ಲಿ ಬೇಸಿಗೆಯ ನೀರು-ತಂಪಿನ ಏರ್ ಕೂಲರಿನ ಜಾಲರಿಗಳಿರುತ್ತವೆ. ಚಳಿಗಾಲದಲ್ಲಿ ಅವುಗಳಿಗೆ ಮುಚ್ಚಳ ಹಾಕದಿದ್ದರೆ ಫ್ರಂಟಿನ ಗಾಳಿ ನೇರವಾಗಿ ತಲೆಯ ಮೇಲೆಯೇ ಇಳಿಯುತ್ತದೆ. ಹೊಸ ಮನೆಗಳಿಗೆ ಶಾಖ ಉಳಿಸುವ ನಿಯಮಗಳು ದೇಶದ ಕಟ್ಟಡ ಸಂಹಿತೆಯಲ್ಲಿ ಬಂದದ್ದೇ 2003ರಲ್ಲಿ. ಹೊಸದಾಗಿ ಬಂದ ಕುಟುಂಬ ಬಾಡಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಅದಕ್ಕಿಂತ ಹಳೆಯ ಮನೆಯನ್ನು, ಏಕೆಂದರೆ ಅದೇ ಅಗ್ಗ.

2012ರ ಜೂನ್‌ನಲ್ಲಿ ನಾವೂ ಅಂಥದೇ ಬಾಡಿಗೆ ಮನೆಯಲ್ಲಿದ್ದೆವು. ಅಮ್ಮ ಮೂರು ತಿಂಗಳಿಗೆಂದು ಬಂದಳು. ಆಗ ಅವಳಿಗೆ ಎಪ್ಪತ್ತನಾಲ್ಕು. ಊರಲ್ಲಿ ಹೇಗೂ ಮಳೆಗಾಲ, ತೋಟದ ಕೆಲಸ ಕಡಿಮೆ, ಬಂದುಹೋಗಲಿ ಎಂಬುದು ನನ್ನ ಎಣಿಕೆ. ಮಳೆ ಅವಳಿಗೆ ಹೊಸತೇ? ಅಡಿಕೆ ತೋಟಕ್ಕೆ ಕಂಬಳಿಕೊಪ್ಪೆ ಹೊದ್ದು ಹೋಗಿಬರುತ್ತಿದ್ದವಳು. ಅವಳಿಗೆ ಕೊಟ್ಟ ಕೋಣೆ ಮನೆಯ ದಕ್ಷಿಣಕ್ಕಿತ್ತು. ಭೂಗೋಳದ ಈ ಅರ್ಧದಲ್ಲಿ ಚಳಿಗಾಲದ ಸೂರ್ಯ ಉತ್ತರದಲ್ಲಿರುತ್ತಾನೆ, ದಕ್ಷಿಣದ ಕೋಣೆಗೆ ತಿಂಗಳುಗಟ್ಟಲೆ ಬಿಸಿಲೇ ಬೀಳದು ಎಂಬುದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಮಲಗುವ ಮುನ್ನ ಒಂದು ಗಂಟೆ ಹೀಟರ್ ಹಾಕಿ ಆರಿಸುತ್ತಿದ್ದೆವು. ಕರೆಂಟ್ ಬಿಲ್ಲನ್ನು ರೂಪಾಯಿಗೆ ಗುಣಿಸಿ ನೋಡುವ ಕಾಯಿಲೆ ಆಗಿನ್ನೂ ನಮ್ಮನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ ಅವಳೂ ಹೀಟರಿನ ಗುಂಡಿ ಮುಟ್ಟುತ್ತಿರಲಿಲ್ಲ.

ಒಂದು ದಿನ ಫ್ರಂಟ್ ಬಂದ ಸಂಜೆ ನಾನು ಕೆಲಸ ಮುಗಿಸಿ ಬಂದರೆ ಅಮ್ಮ ಅಡುಗೆಮನೆಯಲ್ಲಿ ಎಲೆಕ್ಟ್ರಿಕ್ ಓವನ್ನಿನ ಬಾಗಿಲು ತೆರೆದಿಟ್ಟು, ಅದರ ಮುಂದೆ ಮಣೆಯಂತೆ ಒಂದು ದಿಂಬು ಹಾಕಿಕೊಂಡು ಕೂತಿದ್ದಾಳೆ. "ಇಲ್ಲಿ ಮಾತ್ರ ಮನೆ ಅನ್ನಿಸ್ತದೆ ಕಣೋ ಅಪ್ಪಿ. ಬಚ್ಚಲ ಒಲೆ ಮುಂದೆ ಕೂತ ಹಾಗೆ" ಎಂದಳು. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಆ ಒಲೆ ಗೊತ್ತು. ಮಳೆಗಾಲದ ಮೂರು ತಿಂಗಳ ಜಡಿಮಳೆಯಲ್ಲೂ ನಮ್ಮ ಮನೆಯ ಬಚ್ಚಲ ಒಲೆ ಆರುತ್ತಿರಲಿಲ್ಲ. ಅದರ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತಿದ್ದವು, ಅದರ ಮುಂದೆ ಮಕ್ಕಳು, ಮುದುಕರು, ಬೆಕ್ಕು. ಹೊರಗಿನ ಮಳೆಯ ಬಗ್ಗೆ ನನಗಿದ್ದ ಲೆಕ್ಕ ಸರಿಯಾಗಿತ್ತು. ಅವಳ ಬದುಕಿನಲ್ಲಿ ಬೆಂಕಿಯಿಲ್ಲದ ಮಳೆಗಾಲ ಇದೇ ಮೊದಲೆಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ನಾನು ನಕ್ಕು, ಓವನ್ನಿನ ಮುಂದೆ ಅವಳ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಎಲ್ಲರೂ ನಕ್ಕರು.

ಜುಲೈನಲ್ಲಿ ಅವಳ ರಕ್ತದೊತ್ತಡ ಏರಿತು. ಎರಡು ಮೂರು ಸಲ ನೋಡಿದೆ, 170ರ ಸುತ್ತ. ಮಾತ್ರೆಯ ಪ್ರಮಾಣ ಇಮ್ಮಡಿಸಿ ಇನ್ನೊಂದು ಮಾತ್ರೆ ಸೇರಿಸಿದೆ. ಮನೆಯವರಿಗೆ ತಾನೇ ಚಿಕಿತ್ಸೆ ಮಾಡಬಾರದೆಂಬ ವೃತ್ತಿಯ ನಿಯಮ ನನಗೆ ಗೊತ್ತಿತ್ತು. ಅಮ್ಮನ ವಿಮೆ ಮೊದಲೇ ಇದ್ದ ಕಾಯಿಲೆಗಳಿಗೆ ಅನ್ವಯಿಸುತ್ತಿರಲಿಲ್ಲ; ನಾನೇ ವೈದ್ಯನಿರುವಾಗ ಬೇರೆಯವರಿಗೇಕೆ ಹಣ ಎಂದುಕೊಂಡೆ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ, ರಕ್ತ ಮಂದವಾಗುತ್ತದೆ: ಎಂ.ಬಿ.ಬಿ.ಎಸ್. ಮೊದಲ ವರ್ಷದ ಪಾಠ. ಅವಳ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡುವ ಬುದ್ಧಿ ನನಗೆ ಬಂದದ್ದು ಅವಳು ಹೊರಡಲು ಹತ್ತು ದಿನವಿದ್ದಾಗ. ಬೆಳಗಿನ ಆರು ಗಂಟೆಗೆ ಅದು 11 ಡಿಗ್ರಿ ತೋರಿಸಿತು. ಆಗಲೂ ನಾನು ಯೋಚಿಸಿದ್ದು ಕಂಬಳಿಯ ಬಗ್ಗೆ. ಮಾತ್ರೆಯ ಬಗ್ಗೆ ಅಲ್ಲ.

ಸೆಪ್ಟೆಂಬರ್‌ನಲ್ಲಿ ಅಮ್ಮ ಊರಿಗೆ ಹೋದಳು. ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ಬಿಗಿದ ರಕ್ತನಾಳಗಳು ಸಡಿಲಗೊಂಡವು. ಚಳಿಯ ಮನೆಗೆಂದು ನಾನು ಏರಿಸಿದ ಮಾತ್ರೆಗಳು ಹಾಗೆಯೇ ಮುಂದುವರಿದವು, ಏಕೆಂದರೆ ಮಗ ಆಸ್ಟ್ರೇಲಿಯಾದ ಡಾಕ್ಟರ್, ಅವನು ಬರೆದದ್ದನ್ನು ಸಾಗರದ ಡಾಕ್ಟರ್ ಬದಲಿಸುವುದು ಬೇಡ ಎಂದು ಅವಳೇ ಹೇಳಿದ್ದಳಂತೆ. ಮೂರನೆಯ ವಾರ ಬೆಳಗಿನ ಜಾವ ಬಚ್ಚಲಿಗೆಂದು ಎದ್ದು ನಿಂತವಳು ತಲೆಸುತ್ತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಐದು ವರ್ಷ ಬದುಕಿದಳು, ವಾಕರ್ ಹಿಡಿದು ಜಗುಲಿಯಿಂದ ಒಳಮನೆಗೆ, ಒಳಮನೆಯಿಂದ ಬಚ್ಚಲ ಒಲೆಗೆ. ತೋಟಕ್ಕೆ ಇಳಿಯಲಿಲ್ಲ. ನನ್ನನ್ನು ಒಂದು ಮಾತೂ ಆಡಲಿಲ್ಲ. ಫೋನಿನಲ್ಲಿ ಮಾತ್ರ ಪ್ರತಿ ಜುಲೈ ಕೇಳುತ್ತಿದ್ದಳು, ಅಲ್ಲಿ ಚಳಿ ಹೇಗಿದೆ ಎಂದು. "ಅಷ್ಟೇನಿಲ್ಲ" ಎನ್ನುತ್ತಿದ್ದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಶುಕ್ರವಾರ ಕನ್ನಡದ ಯುವ ದಂಪತಿಯೊಂದು ನನ್ನಲ್ಲಿಗೆ ಬಂದಿತ್ತು. ಬಂದು ಒಂದೂವರೆ ವರ್ಷ, ಇಬ್ಬರಿಗೂ ಕೆಲಸ, ಮೊದಲ ಮಗುವಿಗೆ ಆರು ವಾರ. ಬಾಣಂತನಕ್ಕೆ ಬಂದಿರುವ ತಾಯಿಗೆ ಒಂದು ತಿಂಗಳಿನಿಂದ ಕೆಮ್ಮು, ಬಿ.ಪಿ. ಬೇರೆ ಏರಿದೆ, ಮಾತ್ರೆ ಹೆಚ್ಚಿಸಬೇಕೇ ಎಂಬ ಪ್ರಶ್ನೆ. ಮನೆಯೊಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಫೋನಿನಲ್ಲಿ ಹೊರಗಿನ ಉಷ್ಣತೆ ಎಲ್ಲರ ಬಳಿಯೂ ಇತ್ತು. ಒಳಗಿನದು ಯಾರ ಬಳಿಯೂ ಇರಲಿಲ್ಲ. ಮಗುವಿನ ಕೋಣೆಯನ್ನು ಮಾತ್ರ ಬೆಚ್ಚಗಿಟ್ಟಿದ್ದೇವೆ ಸರ್ ಎಂದರು. ಅಜ್ಜಿ ಮಲಗುವುದು ಹಾಲಿನಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಸೂಚನೆಯಂತೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು. ಮುದುಕರಿಗೆ, ಶಿಶುಗಳಿಗೆ, ಹೃದಯ ಮತ್ತು ಶ್ವಾಸಕೋಶದ ರೋಗವಿದ್ದವರಿಗೆ ಇನ್ನೂ ತುಸು ಹೆಚ್ಚು. ಇದು ಸುಖದ ಲೆಕ್ಕವಲ್ಲ, ಔಷಧದ ಪ್ರಮಾಣದಂಥ ಲೆಕ್ಕ. ಬೆಂಗಳೂರಿನ ಜನವರಿಯ ನಸುಕಿನಲ್ಲಿ ಹೊರಗೆ ಹದಿನೈದು-ಹದಿನಾರು ಇದ್ದರೂ ಹಗಲಿಗೆ ಅದು ಇಪ್ಪತ್ತೇಳಾಗಿ ಗೋಡೆಗಳು ಕಾಯುತ್ತವೆ. ಇಲ್ಲಿ ಜುಲೈನ ಸರಾಸರಿ ರಾತ್ರಿ ಎಂಟು, ಹಗಲು ಹದಿನೆಂಟು. ಇಟ್ಟಿಗೆ ಗೋಡೆ ಒಮ್ಮೆ ತಣಿದರೆ ಜಿಲ್ಬ ಮುಗಿಯುವವರೆಗೆ ತಣ್ಣಗೇ ಇರುತ್ತದೆ.

ವಲಸೆಗೆ ಅರ್ಜಿ ಹಾಕಿ ಕುಳಿತಿರುವ ತರುಣ ತರುಣಿಯರು ನನಗೆ ಬರೆಯುವ ಪತ್ರಗಳಲ್ಲಿ ಸಂಬಳ, ಶಾಲೆ, ವೀಸಾ, ಕಾರಿನ ಸಾಲ ಎಲ್ಲವೂ ಇರುತ್ತವೆ. ಮನೆಯ ಬಗ್ಗೆ ಕೇಳುವುದು ಬಾಡಿಗೆ ಎಷ್ಟು ಮತ್ತು ಮುಖ್ಯದ್ವಾರ ಯಾವ ದಿಕ್ಕಿಗೆ ಎಂದು. ದ್ವಾರ ಯಾವ ಕಡೆಗಾದರೂ ಇರಲಿ, ನೀವು ಹಗಲು ಕೂರುವ ಕೋಣೆಯ ಕಿಟಕಿ ಉತ್ತರಕ್ಕಿದೆಯೇ ನೋಡಿ. ಚಾವಣಿಯೊಳಗೆ ಇನ್ಸುಲೇಶನ್ ಹಾಸಿದ್ದಾರೆಯೇ ಎಂದು ಏಜೆಂಟನ್ನು ಬಾಯಿಬಿಟ್ಟು ಕೇಳಿ. ಬಿಸಿ ಮತ್ತು ತಂಪು ಎರಡನ್ನೂ ಕೊಡುವ ರಿವರ್ಸ್ ಸೈಕಲ್ ಎ.ಸಿ. ಇದ್ದರೆ ಅದನ್ನೇ ಬಳಸಿ. ಅಂಗಡಿಯಲ್ಲಿ ಸಿಗುವ ಪುಟ್ಟ ಫ್ಯಾನ್ ಹೀಟರ್ ಕೊಳ್ಳುವಾಗ ಅಗ್ಗ, ಆದರೆ ಅಷ್ಟೇ ಶಾಖಕ್ಕೆ ಅದು ಮೂರು ಪಟ್ಟು ಕರೆಂಟ್ ನುಂಗುತ್ತದೆ, ಇಲ್ಲಿ ಯೂನಿಟ್ಟಿಗೆ ಮೂವತ್ತು ಸೆಂಟ್‌ಗೂ ಮೇಲೆ. ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರ್ ಇದ್ದರೆ ಕಿಟಕಿ ಸ್ವಲ್ಪ ತೆರೆದಿರಲೇಬೇಕು. ಇದ್ದಿಲಿನ ಬಾರ್ಬೆಕ್ಯೂವನ್ನು, ಆರುತ್ತ ಬಂದಿದೆ ಎನ್ನಿಸಿದರೂ, ಒಳಗೆ ತರಲೇಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ. ಹತ್ತಿಪ್ಪತ್ತು ಡಾಲರಿಗೆ ಸಿಗುವ ಗೋಡೆಯ ಥರ್ಮಾಮೀಟರನ್ನು ಮೊದಲ ದಿನವೇ ಕೊಂಡು ಮನೆಯ ಅತ್ಯಂತ ತಣ್ಣನೆಯ ಕೋಣೆಯಲ್ಲಿ ತೂಗುಹಾಕಿ.

ತಂದೆತಾಯಿಯರನ್ನು ಕರೆಸುವುದಾದರೆ ಅಕ್ಟೋಬರ್-ನವೆಂಬರ್‌ನ ಕಂಬರಾಂಗ್‌ನಲ್ಲೋ, ಮಾರ್ಚ್ ದಾಟಿದ ಬಳಿಕ ಜೆರಾನ್‌ನಲ್ಲೋ ಕರೆಸಿ. ಹೆರಿಗೆ ಋತು ನೋಡಿ ಬರುವುದಿಲ್ಲ, ನಿಜ. ಚಳಿಗಾಲದಲ್ಲೇ ಬರಬೇಕಾದರೆ ಉತ್ತರದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ರಾತ್ರಿಯಿಡೀ ಹೀಟರ್ ಓಡಲಿ. ಅದರ ಖರ್ಚನ್ನು ಟಿಕೆಟ್ಟಿನ ಖರ್ಚಿನಲ್ಲೇ ಸೇರಿಸಿ ಲೆಕ್ಕ ಹಾಕಿ. ಭಾರತದಿಂದ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇಲ್ಲಿಯ ಮೆಡಿಕೇರ್ ಇಲ್ಲ. ವಿಮೆಯ ಸಣ್ಣ ಅಕ್ಷರಗಳನ್ನು ಹೊರಡುವ ಮುಂಚೆ ಓದಿ. ಇಲ್ಲಿ ಬಿ.ಪಿ. ಮಾತ್ರೆ ಬದಲಾಯಿಸಿದ್ದರೆ, ಊರು ತಲುಪಿದ ವಾರದೊಳಗೆ ಅಲ್ಲಿಯ ವೈದ್ಯರು ಮತ್ತೆ ಅಳೆಯಬೇಕು, ನಿಂತಾಗಲೂ ಅಳೆಯಬೇಕು. ಊರಿನ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಮಗನ ಕರೆಂಟ್ ಬಿಲ್ಲಿನ ಚಿಂತೆ ನಿಮಗೆ ಬೇಡ. ಥಂಡಿ ಎನ್ನಿಸಿದರೆ ಹೇಳಿ. ಅವನಿಗೆ ತಾನಾಗಿ ತಿಳಿಯುವುದಿಲ್ಲ. ವೈದ್ಯನಾದ ನನಗೇ ತಿಳಿಯಲಿಲ್ಲ.

ಸರ್ಕಾರದ ಮಾತೂ ಬರುತ್ತದೆ. ವಿಕ್ಟೋರಿಯಾ ರಾಜ್ಯದಲ್ಲಿ 2021ರ ಮಾರ್ಚ್‌ನಿಂದ ಬಾಡಿಗೆ ಮನೆಯ ಮುಖ್ಯ ಕೋಣೆಯಲ್ಲಿ ಸ್ಥಿರವಾದ ಹೀಟರ್ ಇರಬೇಕೆಂದು ಕಾನೂನಿದೆ. ನಮ್ಮ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಂಥದೊಂದು ಬಾರದೆ ಇರುವುದಕ್ಕೆ ನನಗೆ ಕಾಣುವ ಕಾರಣ, ಇಲ್ಲಿ ಚಳಿಯೇ ಇಲ್ಲ ಎಂದು ಎಲ್ಲರೂ ನಂಬಿಕೊಂಡಿರುವುದು. ವಲಸೆ ಬಂದವರು ಬಾಡಿಗೆದಾರರಲ್ಲಿ ಕಡಿಮೆಯೇನಿಲ್ಲ, ಆದರೆ ಮನೆ ಕೈತಪ್ಪೀತೆಂಬ ಹೆದರಿಕೆಯಲ್ಲಿ ಅವರು ದೂರುವುದಿಲ್ಲ. ಈಗ ಮತ ಹಾಕುವ ಹಕ್ಕಿರುವ, ಸ್ವಂತ ಮನೆಯಲ್ಲಿ ಬೆಚ್ಚಗೆ ಕೂತಿರುವ ನನ್ನ ಓರಗೆಯವರು ಅವರ ಪರವಾಗಿ ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪತ್ರ ಬರೆಯಬಹುದು. ನಾನು ಗುರುವಾರ ರಾತ್ರಿ ಬರೆದೆ.

ಆ ದಂಪತಿ ನಿನ್ನೆ ಸಂಜೆಯೇ ಥರ್ಮಾಮೀಟರ್ ಕೊಂಡು, ಇಂದು ಬೆಳಿಗ್ಗೆ ಆರೂವರೆಗೆ ಅದರ ಫೋಟೋ ಕಳಿಸಿದ್ದಾರೆ. ಹಾಲಿನಲ್ಲಿ 12 ಡಿಗ್ರಿ. ಮಾತ್ರೆ ಮುಟ್ಟಬೇಡಿ, ಅಜ್ಜಿಯನ್ನು ಮಗುವಿನ ಕೋಣೆಗೆ ಸೇರಿಸಿ, ಎರಡು ವಾರ ಬಿಟ್ಟು ಕರೆದುಕೊಂಡು ಬನ್ನಿ ಎಂದು ಉತ್ತರಿಸಿದ್ದೇನೆ. ಮುಂದಿನ ಫ್ರಂಟ್ ಸೋಮವಾರ ಮಧ್ಯಾಹ್ನ ಎಂದು ಹವಾಮಾನ ಇಲಾಖೆ ಹೇಳಿದೆ. ಪಕ್ಕದ ಮನೆಯಾತ ಈಗ ಬೇಲಿಯಾಚೆ ಟ್ರ್ಯಾಂಪೊಲಿನ್‌ನ ಕಾಲುಗಳಿಗೆ ಹಗ್ಗ ಬಿಗಿಯುತ್ತಿದ್ದಾನೆ. ಅಕ್ಕನಿಗೆ ರಾತ್ರಿ ಫೋನು ಮಾಡಬೇಕು.